ಮಲೆನಾಡಿಗೆ ಗಾಲ್ಫ್ ಕ್ಲಬ್ ಬರೋದಾದರೆ ಮೊದಲು ಪಹಣಿ ನೋಡಿ

ಶಿವಮೊಗ್ಗ ಪಕ್ಕದ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆ ಆಗಿದ್ದು 2023ರ ಫೆಬ್ರವರಿಯಲ್ಲಿ. ಅಲ್ಲಿಂದೀಚೆಗೆ ಶಿವಮೊಗ್ಗದಲ್ಲಿ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ. ಡಾಕ್ಟರುಗಳು, ಅಡಿಕೆ ಮಂಡಿಯವರು, ಕಂಟ್ರಾಕ್ಟರುಗಳು, ಬೆಂಗಳೂರಲ್ಲಿ ದುಡಿದು ಊರಿಗೆ ವಾಪಸ್ ಬಂದವರು ಒಂದು ಕಡೆ ಸೇರಿದರೆ "ನಮ್ಮಲ್ಲೂ ಒಂದು ಒಳ್ಳೆ ಗಾಲ್ಫ್ ಕೋರ್ಸ್ ಆಗಬೇಕು ಮಾರಾಯ್ರೆ, ಚಿಕ್ಕಮಗಳೂರಲ್ಲಿದೆ, ಕೊಡಗಲ್ಲಿದೆ, ನಮಗೇನು ಕಡಿಮೆ" ಅನ್ನುತ್ತಾರೆ. ಕೇಳಿದವರಲ್ಲಿ ಕೆಲವರು ತಲೆಯಾಡಿಸುತ್ತಾರೆ. ಉಳಿದವರು ದುಡ್ಡಿರೋರ ಶೋಕಿ ಅಂತ ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಎರಡೂ ಸಾಲದು. ಇಂಥ ಕ್ಲಬ್ಬು ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ದುಡ್ಡು ಎಲ್ಲಿಂದ ಬರುತ್ತದೆ, ನೀರು ಎಲ್ಲಿಂದ ಬರುತ್ತದೆ ಅಂತ ತಿಳಿಯದೆ ಬೇಕು ಅಂದರೂ ತಪ್ಪು, ಬೇಡ ಅಂದರೂ ತಪ್ಪು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆಟದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮಲೆನಾಡಿನಲ್ಲಿ ಗಾಲ್ಫ್ ಕ್ಲಬ್ ಅನ್ನೋದು ಆಟದ ವಿಷಯ ಆಗೋದಕ್ಕೆ ಮುಂಚೆ ಭೂಮಿಯ ವಿಷಯ. ಯಾವ ಸರ್ವೆ ನಂಬರ್, ಪಹಣಿಯಲ್ಲಿ ಯಾರ ಹೆಸರಿದೆ, ಅಲ್ಲಿ ಇಷ್ಟು ದಿನ ಯಾರ ದನ ಮೇಯುತ್ತಿತ್ತು, ಇಷ್ಟು ಮೊದಲು ಇತ್ಯರ್ಥ ಆಗಬೇಕು.

ಒಂದು ಕ್ರಿಕೆಟ್ ಮೈದಾನಕ್ಕೆ ನಾಲ್ಕೈದು ಎಕರೆ ಸಾಕು. 18 ಹೋಲಿನ, ಅಂದರೆ ಚೆಂಡು ಬೀಳಿಸೋ 18 ಕುಳಿಗಳಿರೋ ಗಾಲ್ಫ್ ಕೋರ್ಸಿಗೆ 120ರಿಂದ 150 ಎಕರೆ ಬೇಕು. 9 ಹೋಲಿನದಕ್ಕೂ 50–60 ಎಕರೆ ಹಿಡಿಯುತ್ತದೆ. ಅದೂ ಒಂದೇ ಕಡೆ, ನಡುವೆ ಯಾರದ್ದೂ ಗದ್ದೆ ತೋಟ ಇರದ ಹಾಗೆ. ಶಿವಮೊಗ್ಗ ಜಿಲ್ಲೆಯಲ್ಲಿ ಇಷ್ಟು ದೊಡ್ಡ ತುಂಡು ಭೂಮಿ ಒಬ್ಬರ ಕೈಲಿ ಸಿಗೋದು ಸುಲಭ ಅಲ್ಲ, ಸಿಗದಿರೋದಕ್ಕೆ ಕಾರಣವೂ ಇದೆ. ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಿದ್ದು 1951ರಲ್ಲಿ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಈ ನೆಲದಿಂದ ಬೆಳೆದು ಬಂದವರು. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾನೂನಿಗೆ ತಿದ್ದುಪಡಿ ತಂದ ಮೇಲೆ ಉಳುವವನಿಗೆ ಭೂಮಿ ಬಂತು, ಒಡೆಯರ ನೂರಾರು ಎಕರೆ ಎರಡು ಮೂರು ಎಕರೆಗಳ ಹಿಡುವಳಿಗಳಾಗಿ ಹಂಚಿಹೋಯಿತು. ಹಂಚಿಹೋದ ಆ ಭೂಮಿಯನ್ನು ಮತ್ತೆ ಒಂದು ಬೇಲಿಯೊಳಗೆ ಸೇರಿಸಿದರೆ ಮಾತ್ರ ಗಾಲ್ಫ್ ಕೋರ್ಸ್ ಆಗುತ್ತದೆ.

ಸೇರಿಸೋದು ಹೇಗೆ? ಒಂದು, ಹಳೇ ಎಸ್ಟೇಟ್ ಇದ್ದರೆ ಕೊಂಡುಕೊಳ್ಳಬೇಕು. ಚಿಕ್ಕಮಗಳೂರು, ಕೊಡಗಿನಲ್ಲಿ ಇದು ನಡೆಯುತ್ತದೆ, ಶಿವಮೊಗ್ಗದಲ್ಲಿ ಅಂಥ ಎಸ್ಟೇಟುಗಳು ಕಡಿಮೆ. ಇನ್ನೊಂದು, ಸರ್ಕಾರಿ ಜಾಗವನ್ನು ಗುತ್ತಿಗೆಗೆ ಪಡೆಯಬೇಕು. ಮೂರನೆಯದು ಮೂವತ್ತು ನಲವತ್ತು ಮನೆಯವರ ಹತ್ತಿರ ಬಿಡಿ ಬಿಡಿಯಾಗಿ ಕೊಳ್ಳೋದು. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು, ಹಾಗಾಗಿ ಈ ದಾರಿ ಈಗ ಸಲೀಸು. ಕೊಂಡ ಮೇಲೆ ಡಿಸಿ ಹತ್ತಿರ ಕನ್ವರ್ಷನ್ ಮಾಡಿಸಿದರೆ ಆಯಿತು.

ಬಿಡಿ ಬಿಡಿಯಾಗಿ ಕೊಳ್ಳುವಾಗ ಏನಾಗುತ್ತದೆ ಅನ್ನೋದು ನಮ್ಮ ಕಡೆ ಲೇಔಟ್ ಆದ ಯಾವ ಹಳ್ಳಿಯವರನ್ನು ಕೇಳಿದರೂ ಹೇಳುತ್ತಾರೆ. ದಲ್ಲಾಳಿ ಮೊದಲು ಹೋಗೋದು ಮಕ್ಕಳೆಲ್ಲ ಬೆಂಗಳೂರು ಸೇರಿರುವ, ವಯಸ್ಸಾದ ಇಬ್ಬರೇ ಉಳಿದಿರುವ ಮನೆಗೆ. ಎಲೆಚುಕ್ಕಿ ರೋಗ ಬಂದು ತೋಟ ಸೊರಗಿದೆ, ಅಡಿಕೆ ಕೊನೆ ಕೊಯ್ಯೋದಕ್ಕೆ ಜನ ಸಿಗುತ್ತಿಲ್ಲ, ಔಷಧಿ ಹೊಡೆಸಿದ ಸಾಲ ಹಾಗೇ ಇದೆ. ಅವರು ಒಪ್ಪುತ್ತಾರೆ, ಒಪ್ಪಿದ್ದಕ್ಕೆ ಅವರನ್ನು ದೂರೋ ಹಾಗಿಲ್ಲ. ಎರಡನೇದಾಗಿ ಕೊಳ್ಳೋದು ರಸ್ತೆಗೆ ಬಾಯಿ ಇರುವ ಜಾಗವನ್ನು. ಅದೊಂದು ಕೈಗೆ ಬಂದರೆ ಹಿಂದಿನ ಹತ್ತು ಹಿಡುವಳಿಗಳ ಕಥೆ ಮುಗಿಯಿತು. ಇಷ್ಟು ವರ್ಷ ಬಾಯಿಮಾತಿನ ಮೇಲೆ ಗಾಡಿ ಓಡಾಡುತ್ತಿದ್ದ ದಾರಿಗೆ ಕಲ್ಲುಕಂಬ ಬೀಳುತ್ತದೆ, ಕಾಗದದಲ್ಲಿ ದಾರಿ ಇಲ್ಲ ಅನ್ನುತ್ತಾರೆ, ಕೊನೆಗೆ ಅವರೂ ಸಿಕ್ಕಿದ ರೇಟಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಎಲ್ಲವೂ ಕಾನೂನು ಪ್ರಕಾರವೇ ನಡೆದಿರುತ್ತದೆ. ಯಾರೂ ಯಾರನ್ನೂ ಬಲವಂತ ಮಾಡಿಲ್ಲ ಅಂತ ಹೇಳಬಹುದು.

ಮಲೆನಾಡಿನ ಹಿಡುವಳಿ ಅಂದರೆ ಪಹಣಿಯಲ್ಲಿರೋ ಎಕರೆ ಗುಂಟೆ ಅಷ್ಟೇ ಅಲ್ಲ, ಅದೂ ನೆನಪಿರಲಿ. ತೋಟದ ಜೊತೆಗೆ ಸೊಪ್ಪು ತರೋ ಸೊಪ್ಪಿನಬೆಟ್ಟ ಇದೆ, ದನ ಬಿಡೋ ಬ್ಯಾಣ ಇದೆ, ಸಾಗುವಳಿ ಇಲ್ಲದ ಹಕ್ಕಲು ಇದೆ, ಊರಿಗೆಲ್ಲ ಸೇರಿದ ಗೋಮಾಳ ಇದೆ. ಮಲೆನಾಡು ಗಿಡ್ಡ ತಳಿಯ ದನಗಳು ಕೊಟ್ಟಿಗೆಯಲ್ಲಿ ಕಟ್ಟಿ ಹಿಂಡಿ ಹಾಕಿ ಸಾಕೋ ದನಗಳಲ್ಲ, ಬೆಳಗ್ಗೆ ಬಿಟ್ಟರೆ ಬ್ಯಾಣ, ಕಾನು (ದಟ್ಟ ಕಾಡು) ಸುತ್ತಿ ಸಂಜೆ ಬರುತ್ತವೆ. ಹೊರಗಿಂದ ಬಂದ ಕನ್ಸಲ್ಟೆಂಟ್ ಕಣ್ಣಿಗೆ ಇದೆಲ್ಲ ಖಾಲಿ ಬಿದ್ದ ಜಾಗ. ಏರಿಳಿತದ ಹಸಿರು ದಿಬ್ಬ, ಅಲ್ಲಲ್ಲಿ ನಾಲ್ಕು ಮರ, ಕೆಳಗೊಂದು ಹಳ್ಳ, ಗಾಲ್ಫ್ ಕೋರ್ಸಿಗೆ ಹೇಳಿ ಮಾಡಿಸಿದ ಹಾಗಿದೆ ಅನ್ನುತ್ತಾನೆ. ಹೌದು, ಹಾಗೇ ಇದೆ. ಯಾಕೆಂದರೆ ತಲೆಮಾರುಗಳಿಂದ ದನ ಮೇದು ಮೇದು ಅದು ಹಾಗಾಗಿದೆ.

ಈ ಆಟ ಹುಟ್ಟಿದ ಜಾಗವೂ ಇಂಥದ್ದೇ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನ ಸಮುದ್ರದ ದಂಡೆಯಲ್ಲಿ ಮರಳು ಮಿಶ್ರಿತ ಹುಲ್ಲುಗಾವಲಿತ್ತು, ಕುರಿ ಮೇಯುತ್ತಿದ್ದವು, ಊರಿನವರು ಅಲ್ಲೇ ಚೆಂಡು ಹೊಡೆದು ಆಡುತ್ತಿದ್ದರು. ಆ ಜಾಗದಲ್ಲಿ ಆಡೋದಕ್ಕೂ ದನ ಕುರಿ ಮೇಯಿಸೋದಕ್ಕೂ ಊರಿನ ಜನರಿಗೆ ಹಕ್ಕಿದೆ ಅಂತ 1552ರಲ್ಲೇ ಅಲ್ಲಿನ ಆರ್ಚ್‌ಬಿಷಪ್ ಬರೆದುಕೊಟ್ಟ ಪತ್ರ ಇದೆ. ಹೆಚ್ಚುಕಮ್ಮಿ ನಮ್ಮ ಗೋಮಾಳವೇ ಅದು. ಇವತ್ತಿಗೂ ಅಲ್ಲಿನ ಓಲ್ಡ್ ಕೋರ್ಸ್ ಒಂದು ಕ್ಲಬ್ಬಿನ ಸ್ವತ್ತಲ್ಲ, ಸಾರ್ವಜನಿಕರದ್ದು. ಟ್ರಸ್ಟೊಂದು ನೋಡಿಕೊಳ್ಳುತ್ತದೆ. ಭಾನುವಾರ ಸಾಮಾನ್ಯವಾಗಿ ಆಟ ಬಂದ್, ಊರಿನವರು ಮಕ್ಕಳು ಮರಿ ಕರೆದುಕೊಂಡು ವಾಕಿಂಗ್ ಬರುತ್ತಾರೆ. ಜಗತ್ತಿನ ಎಲ್ಲ ಗಾಲ್ಫ್ ಆಟಗಾರರೂ ಒಮ್ಮೆಯಾದರೂ ನೋಡಬೇಕು ಅಂದುಕೊಳ್ಳೋ ಕೋರ್ಸಿನಲ್ಲಿ ವಾರಕ್ಕೊಂದು ದಿನ ಯಾರು ಬೇಕಾದರೂ ಹುಲ್ಲಿನ ಮೇಲೆ ನಡೆಯಬಹುದು. ಗಾಲ್ಫ್ ಅಂದರೆ ಕಾಂಪೌಂಡು, ಗೇಟು, ಸೆಕ್ಯೂರಿಟಿ ಇರಲೇಬೇಕು ಅನ್ನೋರಿಗೆ ನಾನು ಮೊದಲು ಹೇಳೋದು ಇದನ್ನೇ.

ಗೇಟು ಸೇರಿಕೊಂಡಿದ್ದು ಬ್ರಿಟಿಷರ ಜೊತೆ ಆಟ ಹಡಗು ಹತ್ತಿದಾಗ. ಕಲ್ಕತ್ತೆಯಲ್ಲಿ 1829ರಲ್ಲಿ ಕ್ಲಬ್ ಆಯಿತು, ಬೆಂಗಳೂರಲ್ಲಿ 1876ರಲ್ಲಿ. ಮಲೆನಾಡಿನ ಕಡೆ ಮೊದಲು ಬಂದಿದ್ದು ಗಾಲ್ಫಲ್ಲ, ಪ್ಲಾಂಟರ್ಸ್ ಕ್ಲಬ್ಬು. ಸಕಲೇಶಪುರದ ಮಂಜರಾಬಾದ್ ಕ್ಲಬ್ 1893ರದ್ದು, ಚಿಕ್ಕಮಗಳೂರಿನ ಕಡೂರ್ ಕ್ಲಬ್ಬೂ ಆ ಕಾಲದ್ದೇ. ಕಾಫಿ ತೋಟದ ನಡುವೆ ಒಂಟಿಯಾಗಿದ್ದ ದೊರೆಗಳಿಗೆ ವಾರಕ್ಕೊಮ್ಮೆ ಸೇರೋದಕ್ಕೆ, ಟೆನಿಸ್ ಬಿಲಿಯರ್ಡ್ಸ್ ಆಡೋದಕ್ಕೆ, ಮಳೆ ಬೆಲೆ ಕೂಲಿ ಅಂತ ಮಾತಾಡಿಕೊಳ್ಳೋದಕ್ಕೆ ಒಂದು ಜಾಗ ಬೇಕಿತ್ತು. ಸ್ವಾತಂತ್ರ್ಯ ಬಂದ ಮೇಲೆ ತೋಟಗಳು ನಮ್ಮವರ ಕೈಗೆ ಬಂದವು, ಕ್ಲಬ್ಬುಗಳೂ ಬಂದವು, ರೂಲ್ಸ್ ಪುಸ್ತಕ ಮಾತ್ರ ಬಹಳ ಕಡೆ ಹಾಗೇ ಉಳಿಯಿತು. ಚಿಕ್ಕಮಗಳೂರಿನ ಗಾಲ್ಫ್ ಕ್ಲಬ್ ಆಗಲಿ ವಿರಾಜಪೇಟೆ ಹತ್ತಿರ ಬಿಟ್ಟಂಗಾಲದ ಕೋರ್ಸ್ ಆಗಲಿ ನಿಂತಿರೋದು ಕಾಫಿ ದುಡ್ಡಿನ ಮೇಲೆ, ಕಾಫಿಯವರ ಒಡನಾಟದ ಮೇಲೆ. ತೋಟದವರು ಮೂರು ತಲೆಮಾರಿಂದ ಒಬ್ಬರಿಗೊಬ್ಬರು ಗೊತ್ತು, ಭೂಮಿಯೂ ಅವರ ಹತ್ತಿರವೇ ಇದೆ.

ಶಿವಮೊಗ್ಗದ ಕಥೆ ಬೇರೆ. ಇಲ್ಲಿ ಕಂಪನಿ ಊರು ಅಂತ ಇದ್ದಿದ್ದು ಭದ್ರಾವತಿ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ, ಅವುಗಳ ಕಾಲೊನಿ, ಕಾಲೊನಿಗೊಂದು ಕ್ಲಬ್ಬು, ಮೈದಾನ. ಕಾರ್ಖಾನೆ ಸೊರಗಿದ ಮೇಲೆ ಅವೂ ಸೊರಗಿದವು. ಉಳಿದಂತೆ ಈ ಜಿಲ್ಲೆಯ ದುಡ್ಡು ಅಡಿಕೆಯದ್ದು. ಅಡಿಕೆ ಬೆಳೆಗಾರ ಮನೆ ಬಿಟ್ಟು ದೂರದ ಕ್ಲಬ್ಬಿಗೆ ಹೋಗಿ ಕೂರುವ ಪೈಕಿ ಅಲ್ಲ, ಅವನ ಒಡನಾಟ ಸೊಸೈಟಿಯಲ್ಲಿ, ಮಂಡಿಯಲ್ಲಿ, ದೇವಸ್ಥಾನದ ಕಮಿಟಿಯಲ್ಲಿ, ಯಕ್ಷಗಾನದ ಚಪ್ಪರದಲ್ಲಿ. ಹಾಗಾಗಿ ಇಲ್ಲಿ ಗಾಲ್ಫ್ ಕ್ಲಬ್ ಹುಟ್ಟೋದಾದರೆ ಅದು ಊರಿನ ಹೊಸ ದುಡ್ಡಿನಿಂದ ಹುಟ್ಟಬೇಕು, ವಿಮಾನದಲ್ಲಿ ಬರೋ ಬೆಂಗಳೂರಿನ ಮೆಂಬರುಗಳಿಂದ ಬೆಳೆಯಬೇಕು.

ಈಗ ಕ್ಲಬ್ಬು ಕಟ್ಟೋ ಕ್ರಮಕ್ಕೆ ಬರೋಣ. ಹತ್ತಿಪ್ಪತ್ತು ಜನ ಸೇರುತ್ತಾರೆ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಅಡಿ ಒಂದು ಸಂಘ ಮಾಡುತ್ತಾರೆ, ಇಲ್ಲವೇ ಕಂಪನಿ ಮಾಡುತ್ತಾರೆ. ಇವೆರಡರ ನಡುವೆ ಬಹಳ ವ್ಯತ್ಯಾಸ ಇದೆ. ಸಂಘ ಆದರೆ ಆಸ್ತಿ ಸಂಘದ್ದು, ವರ್ಷಕ್ಕೊಮ್ಮೆ ಮಹಾಸಭೆ, ಲೆಕ್ಕಪತ್ರ, ಚುನಾವಣೆ. ಖಾಸಗಿ ಕಂಪನಿ ಆದರೆ ಮೆಂಬರ್ ಅನ್ನೋನು ಬರೀ ಗಿರಾಕಿ, ದುಡ್ಡು ಕಟ್ಟಿ ಕಾರ್ಡು ಇಸಕೊಂಡಿರುತ್ತಾನೆ, ಭೂಮಿ ಮಾತ್ರ ಮಾಲೀಕರ ಹೆಸರಲ್ಲೇ ಇರುತ್ತದೆ. ಸೇರೋ ಮುಂಚೆ ಇದನ್ನು ಕೇಳೋರು ಬಹಳ ಕಡಿಮೆ.

ದುಡ್ಡಿನ ಲೆಕ್ಕ ಸುಮ್ನೆ ಒಂದು ಅಂದಾಜಿಗೆ ಹಾಕಿ ನೋಡೋಣ. 300 ಜನ ತಲಾ 3 ಲಕ್ಷ ಕೊಟ್ಟರು ಅಂತಿಟ್ಟುಕೊಳ್ಳಿ, 9 ಕೋಟಿ ಆಯಿತು. ಎಕರೆಗೆ 20 ಲಕ್ಷ ಅಂತ ಕಮ್ಮಿಯೇ ಹಿಡಿದರೂ 60 ಎಕರೆಗೆ 12 ಕೋಟಿ. ಇನ್ನೂ ಒಂದು ಬುಟ್ಟಿ ಮಣ್ಣು ಎತ್ತಿಲ್ಲ, ಆಗಲೇ 3 ಕೋಟಿ ಕೊರತೆ. ಆಮೇಲೆ ಮಣ್ಣು ಕೆಲಸ, ಪೈಪು, ಹುಲ್ಲು, ಹುಲ್ಲು ಕತ್ತರಿಸೋ ಯಂತ್ರ, ಸಂಬಳ. ಹಾಗಾಗಿ ಬಹಳ ಕಡೆ ಮೊದಲು ಏಳೋದು ಕ್ಲಬ್ ಹೌಸ್. ಸಿಎಲ್-4 ಲೈಸೆನ್ಸ್ ಬಂದರೆ ಬಾರು, ಪಕ್ಕದಲ್ಲಿ ಈಜುಕೊಳ, ಶಟಲ್ ಕೋರ್ಟು, ನಾಲ್ಕೈದು ರೂಮು, ಮದುವೆ ರಿಸೆಪ್ಷನ್ನಿಗೆ ಲಾನು. ಕೋರ್ಸನ್ನು ಸಾಕೋದು ಆಟ ಅಲ್ಲ, ಊಟ ಮತ್ತು ಪಾರ್ಟಿ. ಅಷ್ಟರಿಂದಲೂ ಸಾಲದೇ ಹೋದಾಗ ಕೊನೆಯ ದಾರಿ ಒಂದೇ: ಕೋರ್ಸಿನ ಅಂಚಿನಲ್ಲಿ ವಿಲ್ಲಾ ಸೈಟು. ಹಸಿರು ಕಾಣೋ ಸೈಟಿಗೆ ರೇಟು ಜಾಸ್ತಿ. ಎಷ್ಟೋ ಕಡೆ ಮೊದಲ ದಿನದಿಂದಲೇ ಉದ್ದೇಶ ಸೈಟು ಮಾರೋದು, ಗಾಲ್ಫ್ ಅನ್ನೋದು ಬ್ರೋಷರಿನ ಚಿತ್ರ.

ಇದನ್ನು ಗುರುತಿಸೋದು ಕಷ್ಟ ಏನಲ್ಲ. ಬ್ರೋಷರಿನಲ್ಲಿ ಹೋಲುಗಳ ನಕ್ಷೆಗಿಂತ ಮೊದಲು ಸೈಟುಗಳ ನಕ್ಷೆ ಇದ್ದರೆ ಅದು ಲೇಔಟು. ಪ್ಲಾನು ತೋರಿಸಿ ಅಂದಾಗ ನೀರಿನ ಮೂಲ ಎಲ್ಲಿ ಅಂತ ಹೇಳೋದಕ್ಕೆ ತಡವರಿಸಿದರೆ ಕೋರ್ಸ್ ಯಾವತ್ತೂ ಪೂರ್ತಿ ಆಗೋದಿಲ್ಲ.

ನೀರಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಮಲೆನಾಡಲ್ಲಿ ನೀರಿಗೇನು ಬರ ಅಂತ ಹೊರಗಿನವರು ಕೇಳುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ ನಿಜ. ಆದರೆ ಅದರಲ್ಲಿ ಬಹುಪಾಲು ಸುರಿಯೋದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜಂಬಿಟ್ಟಿಗೆ ಮಣ್ಣು, ಇಳಿಜಾರು ನೆಲ, ನೀರು ಹಳ್ಳ ಸೇರಿ ಹೊಳೆ ಸೇರಿ ಹೋಗಿಯೇ ಬಿಡುತ್ತದೆ. ಮಾರ್ಚ್ ಬಂತು ಅಂದರೆ ತೀರ್ಥಹಳ್ಳಿ ಹೊಸನಗರದ ಎಷ್ಟೋ ಮನೆಗಳ ಬಾವಿ ತಳ ಕಾಣುತ್ತದೆ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು, ಅದರ ಮರುಬೇಸಿಗೆಯಲ್ಲಿ ಅಡಿಕೆ ತೋಟ ಉಳಿಸಿಕೊಳ್ಳೋದಕ್ಕೆ ಟ್ಯಾಂಕರಿನಲ್ಲಿ ನೀರು ಹೊಡೆಸಿದವರು ಇನ್ನೂ ಆ ಸಾಲದಲ್ಲಿದ್ದಾರೆ.

ಈಗ ಹುಲ್ಲಿನ ಲೆಕ್ಕ. ಬೇಸಿಗೆಯಲ್ಲಿ ಹಸಿರಾಗಿರಬೇಕು ಅಂದರೆ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಬೇಕು. ಒಂದು ಹೆಕ್ಟೇರಿಗೆ 5 ಮಿಲಿಮೀಟರ್ ಅಂದರೆ 50 ಸಾವಿರ ಲೀಟರ್. 18 ಹೋಲಿನ ಕೋರ್ಸಿನಲ್ಲಿ 20 ಹೆಕ್ಟೇರ್ ಹುಲ್ಲಿಗೆ ನೀರು ಬಿಟ್ಟರೆ ದಿನಕ್ಕೆ 10 ಲಕ್ಷ ಲೀಟರ್. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಕೊಡಬೇಕು ಅನ್ನೋದು ಸರ್ಕಾರದ ಮಾನದಂಡ. ಅಂದರೆ 7 ಸಾವಿರಕ್ಕೂ ಹೆಚ್ಚು ಜನರ ನೀರು. ಇದಕ್ಕೆ ನಾಲ್ಕೈದು ಬೋರ್‌ವೆಲ್ ಕೊರೆಸಿದರೆ ಸುತ್ತಲಿನ ತೋಟದವರ ಬೋರು ಏನಾಗಬೇಕು ಹೇಳಿ.

ಆದರೆ ಇದೇ ಲೆಕ್ಕದಲ್ಲಿ ಒಂದು ದಾರಿಯೂ ಇದೆ. ಕೋರ್ಸಿನಲ್ಲಿ ನಿಜವಾಗಿ ನಾಜೂಕಾಗಿರಬೇಕಾದ ಜಾಗ ಗ್ರೀನ್ ಮಾತ್ರ, ಅಂದರೆ ಕುಳಿ ಇರುವ ಭಾಗ. ಒಂದು ಗ್ರೀನ್ ಸುಮಾರು 500 ಚದರ ಮೀಟರ್. ಒಂಬತ್ತು ಗ್ರೀನ್ ಸೇರಿದರೂ ಅರ್ಧ ಹೆಕ್ಟೇರಿಗಿಂತ ಕಮ್ಮಿ, ದಿನಕ್ಕೆ ಇಪ್ಪತ್ತೆರಡು ಇಪ್ಪತ್ಮೂರು ಸಾವಿರ ಲೀಟರ್ ಸಾಕು. ಚೆಂಡು ಹೊಡೆಯೋ ಜಾಗಕ್ಕೂ ಗ್ರೀನಿಗೂ ನಡುವಿನ ಹುಲ್ಲಿನ ಹಾದಿಯನ್ನು, ಅಂದರೆ ಫೇರ್‌ವೇಯನ್ನು, ಬೇಸಿಗೆಯಲ್ಲಿ ಒಣಗೋದಕ್ಕೆ ಬಿಡಬಹುದು, ಬ್ಯಾಣ ಒಣಗೋದಿಲ್ವಾ ಹಾಗೆ. ಸ್ಕಾಟ್ಲೆಂಡಿನ ಹಳೇ ಕೋರ್ಸುಗಳೂ ಬಿಸಿಲಿಗೆ ಕಂದು ಬಣ್ಣಕ್ಕೆ ತಿರುಗುತ್ತವೆ, ಆಟ ನಿಲ್ಲೋದಿಲ್ಲ. ಹಿಂದೆ ನಮ್ಮ ದೇಶದ ಎಷ್ಟೋ ಕ್ಲಬ್ಬುಗಳಲ್ಲಿ ಹುಲ್ಲಿನ ಗ್ರೀನೇ ಇರಲಿಲ್ಲ. ಮರಳಿಗೆ ಎಣ್ಣೆ ಬೆರೆಸಿ ಸಮ ಮಾಡಿ ಅದರ ಮೇಲೆ ಆಡುತ್ತಿದ್ದರು, ಬ್ರೌನ್ ಅಂತಲೇ ಕರೆಯುತ್ತಿದ್ದರು. ವರ್ಷವಿಡೀ ಟಿವಿಯಲ್ಲಿ ಕಾಣೋ ಹಾಗೆ ಕಡು ಹಸಿರು ಇರಲೇಬೇಕು ಅನ್ನೋದು ಸೈಟು ಮಾರೋರ ಅಗತ್ಯ, ಆಟದ್ದಲ್ಲ.

ಮಳೆಗಾಲದ ಕಷ್ಟ ಇನ್ನೊಂದು ಥರ. ಒಂದು ಗ್ರೀನ್ ಮಾಡೋದು ಅಂದರೆ ನೆಲ ಅಗೆದು ತೂತಿನ ಪೈಪು ಹಾಸಿ, ಅದರ ಮೇಲೆ ಸುಮಾರು 10 ಸೆಂಟಿಮೀಟರ್ ಜಲ್ಲಿ, ಅದರ ಮೇಲೆ 30 ಸೆಂಟಿಮೀಟರ್ ಮರಳು ತುಂಬಿ, ಆಮೇಲೆ ಬರ್ಮುಡಾ ಜಾತಿಯ ಹುಲ್ಲು ಕೂರಿಸೋದು. ಆಟ ಇರೋ ದಿನಗಳಲ್ಲಿ ಬೆಳಗ್ಗೆ ಎದ್ದು ಅದನ್ನು ಮೂರು ನಾಲ್ಕು ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಬೇಕು. ಅಷ್ಟು ಗಿಡ್ಡಕ್ಕೆ ಕತ್ತರಿಸಿದ ಹುಲ್ಲಿಗೆ ತಡೆಯೋ ಶಕ್ತಿ ಕಮ್ಮಿ. ಮೂರು ತಿಂಗಳು ಬಿಸಿಲು ಕಾಣದೆ, ಎಲೆ ಒಣಗದೆ ಇದ್ದರೆ ಶಿಲೀಂಧ್ರ ರೋಗ ಬರುತ್ತದೆ. ಅಡಿಕೆಗೆ ಕೊಳೆರೋಗ ಬರೋದೂ ಇದೇ ಹವೆಯಲ್ಲಿ, ಬೋರ್ಡೋ ದ್ರಾವಣ ಹೊಡೆಯೋದಕ್ಕೆ ಒಂದು ದಿನ ಮಳೆ ಬಿಟ್ಟರೆ ಸಾಕು ಅಂತ ಆಕಾಶ ನೋಡೋ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಲ್ಲಿಗೂ ಔಷಧಿ ಹೊಡೆಯುತ್ತಾರೆ, ಗೊಬ್ಬರ ಹಾಕುತ್ತಾರೆ. ಅದು ಮರಳಿನ ಮೂಲಕ ಪೈಪಿಗೆ, ಪೈಪಿಂದ ಹಳ್ಳಕ್ಕೆ ಇಳಿಯುತ್ತದೆ. ಗಾಜನೂರಿನ ತುಂಗಾ ಅಣೆಕಟ್ಟಿನ ಮೇಲ್ಭಾಗದಲ್ಲಿ ಎಲ್ಲೇ ಕೋರ್ಸ್ ಮಾಡಿದರೂ ಆ ಹಳ್ಳ ಕೊನೆಗೆ ಸೇರೋದು ತುಂಗೆಗೆ, ಶಿವಮೊಗ್ಗ ನಗರ ಕುಡಿಯೋದು ಅದೇ ನೀರನ್ನು.

ಹಾಗಾಗಿ ಪಶ್ಚಿಮದ ದಟ್ಟ ಮಲೆನಾಡು ಈ ಆಟಕ್ಕೆ ಸೂಕ್ತ ಜಾಗವೇ ಅಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ. ವರ್ಷದಲ್ಲಿ ನಾಲ್ಕು ತಿಂಗಳು ಆಡೋದಕ್ಕಾಗದ ಕೋರ್ಸಿಗೆ ಕಾನು ಕಡಿಯೋದು ಯಾವ ಲೆಕ್ಕದಲ್ಲೂ ಕೂಡುವುದಿಲ್ಲ. ಅಲ್ಲಿ ಕಾಡುಹಂದಿ ರಾತ್ರಿ ಬಂದು ಹುಲ್ಲು ಮಗುಚಿ ಹುಳ ಹುಡುಕುತ್ತದೆ, ಅದಕ್ಕೆ ಸೋಲಾರ್ ಬೇಲಿ ಹಾಕುತ್ತಾರೆ, ಆ ಬೇಲಿ ಆನೆ ಕಾಟಿಗಳನ್ನು ಪಕ್ಕದ ಗದ್ದೆಗೆ ತಿರುಗಿಸುತ್ತದೆ. ಮಾಡೋದೇ ಆದರೆ ಶಿವಮೊಗ್ಗದಿಂದ ಪೂರ್ವಕ್ಕೆ, ಮಳೆ ಕಮ್ಮಿ ಇರೋ ಅರೆಮಲೆನಾಡಿನ ಕಡೆ ನೋಡಬೇಕು. ಅಲ್ಲಿ ಬೇಸಿಗೆ ನೀರಿಗೆ ಭದ್ರಾ ನಾಲೆಗೂ ಬೋರಿಗೂ ಕೈ ಹಾಕಬಾರದು, ನಗರದ ಚರಂಡಿ ನೀರನ್ನು ಶುದ್ಧ ಮಾಡಿ ಬಳಸಬೇಕು. ತುಂಗೆಗೆ ಕೊಳಚೆ ಸೇರುತ್ತಿದೆ ಅಂತ ಊರೆಲ್ಲ ನೊಂದುಕೊಂಡು ಹೇಳುತ್ತಿರೋ ಹೊತ್ತಲ್ಲಿ ಆ ನೀರಿಗೆ ಕಾಸು ಕೊಟ್ಟು ಕೊಳ್ಳೋ ಗಿರಾಕಿಯೊಬ್ಬ ಸಿಗೋದು ಒಳ್ಳೆಯದೇ ಅಲ್ವಾ.

ಕಾನೂನು ಇದನ್ನೆಲ್ಲ ನೋಡಿಕೊಳ್ಳುತ್ತದೆ ಅಂತ ಸುಮ್ಮನಿರೋ ಹಾಗಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಾಲ್ಫ್ ಕೋರ್ಸ್ ಅಂತ ಬೇರೆ ಹೆಸರಿಲ್ಲ. ಕಟ್ಟಡಕ್ಕೆ 20 ಸಾವಿರ ಚದರ ಮೀಟರ್ ಮಿತಿ ಇದೆ. 9 ಹೋಲಿನ ಕೋರ್ಸ್, ಸಣ್ಣ ಕ್ಲಬ್ ಹೌಸ್ ಆದರೆ ಆ ಮಿತಿಯೊಳಗೇ ಇರುತ್ತದೆ, ಯಾವ ಸಾರ್ವಜನಿಕ ವಿಚಾರಣೆಯೂ ಇಲ್ಲದೆ ಮುಗಿದುಹೋಗಬಹುದು.

ಸರ್ಕಾರಿ ಜಾಗ ಸೇರಿಕೊಂಡರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಬಿಡದಿ ಹತ್ತಿರದ ಈಗಲ್‌ಟನ್ ರೆಸಾರ್ಟಿನೊಳಗೆ ಸೇರಿದ್ದ 77 ಎಕರೆ ಸರ್ಕಾರಿ ಭೂಮಿಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಅದಕ್ಕೆ ರೆಸಾರ್ಟಿನವರು 982 ಕೋಟಿ ರೂಪಾಯಿ ಕಟ್ಟಬೇಕು ಅಂತ 2017ರಲ್ಲಿ ರಾಜ್ಯ ಸರ್ಕಾರ ತೀರ್ಮಾನ ಮಾಡಿತು. ಬೆಂಗಳೂರಿನ ಚಲ್ಲಘಟ್ಟ ಕೆರೆ ಇದ್ದ ಜಾಗದಲ್ಲಿ ಇವತ್ತು ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಕೋರ್ಸ್ ಇದೆ. ಕೆರೆ ಹೋಯಿತು, ಹೆಸರು ಉಳಿಯಿತು. ಇಂಥದ್ದು ಒಮ್ಮೆ ಆದ ಮೇಲೆ ತಿರುಗಿ ಮೊದಲಿನ ಹಾಗೆ ಮಾಡಿದ ನಿದರ್ಶನ ನಾನಂತೂ ಕಂಡಿಲ್ಲ.

ಶಿವಮೊಗ್ಗದಲ್ಲಿ ಈ ಮಾತಿಗೆ ಇನ್ನೂ ತೂಕ ಜಾಸ್ತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಜನ ಗದ್ದೆ ತೋಟ ಮನೆ ದೇವಸ್ಥಾನ ಎಲ್ಲ ಬಿಟ್ಟು ಲಾರಿ ಹತ್ತಿದರು. ರಾಜ್ಯಕ್ಕೆ ಕರೆಂಟು ಬಂತು. ಅವರನ್ನು ತಂದು ಇಳಿಸಿದ ಜಾಗ ಕಾಗದದಲ್ಲಿ ಕಾಡು, ಹಾಗಾಗಿ ಎರಡು ಮೂರು ತಲೆಮಾರು ಕಳೆದರೂ ಸಾವಿರಾರು ಕುಟುಂಬಗಳಿಗೆ ಹಕ್ಕುಪತ್ರ ಇಲ್ಲ. ಮಗಳ ಮದುವೆಗೆ ಬ್ಯಾಂಕ್ ಸಾಲ ಕೇಳಿದರೆ ಪಹಣಿ ತನ್ನಿ ಅನ್ನುತ್ತಾರೆ, ತರೋದಕ್ಕೆ ಪಹಣಿ ಇಲ್ಲ. ರಾಜ್ಯ ಸರ್ಕಾರ ಡಿನೋಟಿಫೈ ಮಾಡಿದ ಭೂಮಿಗೂ ಕೇಂದ್ರದ ಒಪ್ಪಿಗೆ ಪಡೆದಿಲ್ಲ ಅನ್ನೋ ಕಾರಣಕ್ಕೆ 2021ರಲ್ಲಿ ಹೈಕೋರ್ಟಿನಲ್ಲಿ ಆ ಆದೇಶ ನಿಲ್ಲಲಿಲ್ಲ. ಆ ಜನರ ಫೈಲು ಕಚೇರಿಯಿಂದ ಕಚೇರಿಗೆ ಓಡಾಡುತ್ತಿರುವಾಗ ಅದೇ ಜಿಲ್ಲೆಯಲ್ಲಿ ನೂರು ಎಕರೆಗೆ ಸರಸರ ಅಂತ ಕನ್ವರ್ಷನ್ ಆದರೆ, ಅಥವಾ ಒಂದೇ ಒಂದು ಎಕರೆ ಗೋಮಾಳ ಆಟಕ್ಕೆ ಅಂತ ಗುತ್ತಿಗೆ ಹೋದರೆ, ಅದನ್ನು ಒಪ್ಪಿಕೊಳ್ಳೋದು ನನ್ನಿಂದಾಗೋದಿಲ್ಲ. ಅಭಿವೃದ್ಧಿ ವಿರೋಧಿ ಅಂತ ಯಾರಾದರೂ ಅಂದರೆ ಅನ್ನಲಿ.

ಹಾಗಾದರೆ ಆಟವೇ ಬೇಡವಾ? ಬೇಕು ಅಂತಲೇ ನನ್ನ ಆಸೆ, ಅದೂ ನಮ್ಮ ಮಕ್ಕಳಿಗೆ. ಬೆಂಗಳೂರಿನ ಅದಿತಿ ಅಶೋಕ್ ಐದು ವರ್ಷದ ಹುಡುಗಿಯಾಗಿದ್ದಾಗ ಅಲ್ಲಿನ ಅಭ್ಯಾಸದ ಅಂಗಳದಲ್ಲಿ ಕ್ಲಬ್ ಹಿಡಿದವಳು, ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಳು. ಸ್ವಲ್ಪದರಲ್ಲಿ ಪದಕ ತಪ್ಪಿತು, ಆ ಬೆಳಗ್ಗೆ ಗಾಲ್ಫ್ ಗಂಧ ಇಲ್ಲದವರೂ ಟಿವಿ ಮುಂದೆ ಕೂತಿದ್ದರು. ಸಿ. ಮುನಿಯಪ್ಪ ಬೆಂಗಳೂರಲ್ಲಿ ಬೇರೆಯವರ ಬ್ಯಾಗು ಹೊರುತ್ತಿದ್ದ ಕ್ಯಾಡಿ, 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಚಿಕ್ಕರಂಗಪ್ಪ ಬಿಡದಿಯ ಕೋರ್ಸಿನ ಪಕ್ಕದಲ್ಲೇ ಬೆಳೆದು ಅಲ್ಲೇ ಆಟ ಕಲಿತು ವೃತ್ತಿ ಆಟಗಾರರಾದವರು. ಇವರ ಕಥೆಯಲ್ಲಿ ಒಂದು ಅಂಶ ಗಮನಿಸಿ. ಮೂವರಿಗೂ ಹೇಗೋ ಬಾಗಿಲು ತೆರೆದಿತ್ತು. ಬಾಗಿಲು ತೆರೆದಿದ್ದ ಕಡೆ ಆಟಗಾರರು ಹುಟ್ಟಿದರು.

ಆ ಬಾಗಿಲು ತೆರೆಯೋದಕ್ಕೆ 120 ಎಕರೆ ಬೇಕಾಗಿಲ್ಲ. ಡ್ರೈವಿಂಗ್ ರೇಂಜ್ ಅಂತಾರಲ್ಲ, ಸಾಲಾಗಿ ನಿಂತು ಚೆಂಡು ಹೊಡೆದು ಕಲಿಯೋ ಜಾಗ, ಅದು ಹತ್ತು ಹನ್ನೆರಡು ಎಕರೆಯಲ್ಲಿ ಆಗುತ್ತದೆ. ಪಕ್ಕದಲ್ಲಿ ಎರಡು ಅಭ್ಯಾಸದ ಗ್ರೀನ್. ಶಿವಮೊಗ್ಗದ ನವುಲೆಯ ಕ್ರಿಕೆಟ್ ಮೈದಾನಕ್ಕೆ ರಣಜಿ ಪಂದ್ಯ ಬಂದಾಗ ಶಾಲೆ ಹುಡುಗರು ಬೇಲಿ ಪಕ್ಕ ನಿಂತು ನೋಡುತ್ತಾರಲ್ಲ, ಅಂಥ ಹುಡುಗರು ಸೈಕಲ್ಲಿನಲ್ಲಿ ಬಂದು ಗಂಟೆಗಿಷ್ಟು ಅಂತ ಕೊಟ್ಟು ಆಡೋ ಹಾಗಿರಬೇಕು. ಮೊದಲ ಮೂರು ನಾಲ್ಕು ವರ್ಷ ಇಷ್ಟೇ ನಡೆಸಿ, ಆಡೋ ಜನ ನಿಜವಾಗಿ ಎಷ್ಟಿದ್ದಾರೆ ನೋಡಿ. ಜನ ಇದ್ದರೆ 9 ಹೋಲಿಗೆ ಹೋಗಿ, ಅದೂ ಖಾಸಗಿ ಹಕ್ಕಲು ಜಾಗದಲ್ಲಿ, ಸೈಟು ಮಾರೋದಿಲ್ಲ ಅಂತ ಸಂಘದ ಬೈಲಾದಲ್ಲೇ ಬರೆದು. ಕ್ಲಬ್ಬು ಹೀಗೆ ಬೆಳೆದರೆ ಆಟದಿಂದಲೇ ಬೆಳೆಯುತ್ತದೆ, ಬಾರಿನಿಂದ ಅಲ್ಲ.

ಒಳಗೆ ಬರೋರ ವಿಷಯದಲ್ಲೂ ಮೊದಲೇ ಬರೆದಿಡಬೇಕಾದ್ದು ಕೆಲವಿದೆ. ಬೆಂಗಳೂರಿನ ಮಾಲ್ ಒಂದರಲ್ಲಿ 2024ರಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ ಅಂತ ರಾಜ್ಯವೆಲ್ಲ ಸಿಟ್ಟಾಗಿತ್ತು. ತಮಿಳುನಾಡಿನಲ್ಲಿ ವೇಷ್ಟಿ ಉಟ್ಟ ನ್ಯಾಯಾಧೀಶರನ್ನೇ ಕ್ಲಬ್ಬಿನ ಬಾಗಿಲಲ್ಲಿ ತಡೆದಿದ್ದಕ್ಕೆ 2014ರಲ್ಲಿ ಕಾನೂನೇ ಬಂತು. ಅಡಿಕೆ ಬೆಳೆಗಾರನ ನೆಲದಲ್ಲಿ ಕಟ್ಟಿದ ಕ್ಲಬ್ ಹೌಸಿಗೆ ಪಂಚೆ ಉಟ್ಟು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದವರನ್ನು ನಿಲ್ಲಿಸೋ ಹಾಗಿರಬಾರದು. ಕ್ಯಾಡಿಗಳ ವಿಷಯ ಇನ್ನೂ ಮುಖ್ಯ. ಸಾಮಾನ್ಯವಾಗಿ ಅವರು ಕ್ಲಬ್ಬಿನ ನೌಕರರಲ್ಲ, ಆಡಿದವರು ಒಂದು ಸುತ್ತಿಗೆ ಕೊಟ್ಟಷ್ಟೇ ದುಡ್ಡು, ಮಳೆಗಾಲದಲ್ಲಿ ಅದೂ ಇಲ್ಲ. ಭೂಮಿ ಮಾರಿದ ಮನೆಯ ಹುಡುಗನಿಗೆ ಸ್ಥಳೀಯ ಉದ್ಯೋಗ ಅಂತ ಕೊಡೋದು ಬಹಳ ಸಲ ಇದನ್ನೇ. ಅವನನ್ನು ಸಂಬಳ, ಪಿಎಫ್, ಇಎಸ್ಐ ಇರೋ ನೌಕರನಾಗಿ ತಗೊಳ್ಳಿ, ಸೋಮವಾರ ಕೋರ್ಸ್ ಖಾಲಿ ಇರುವಾಗ ಅವನೂ ಆಡಲಿ.

ನಿಮ್ಮ ಊರಲ್ಲಿ ಇಂಥದ್ದೊಂದು ಮಾತು ಶುರುವಾಗಿದ್ದರೆ ಅಗ್ರಿಮೆಂಟ್ ಆಗೋ ಮುಂಚೆ ಕೆಲಸ ಶುರು ಮಾಡಿ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದಲ್ಲಿ ನಿಂತರೆ ಸರ್ವೆ ನಂಬರ್ ಸಿಗುತ್ತದೆ, ಸರ್ಕಾರಿ ಜಾಗವಾ ಖಾಸಗಿಯಾ ಅನ್ನೋದೂ ಗೊತ್ತಾಗುತ್ತದೆ. ಪಹಣಿ ನಾಡಕಚೇರಿಯಲ್ಲಿ ಸಿಗುತ್ತದೆ, ಹಳೇ ಗ್ರಾಮನಕ್ಷೆಯಲ್ಲಿ ಬಂಡಿದಾರಿ, ಕಾಲುದಾರಿ, ಹಳ್ಳ ಎಲ್ಲ ಗುರುತು ಹಾಕಿರುತ್ತಾರೆ. ದಾರಿ ನಕ್ಷೆಯಲ್ಲಿದ್ದರೆ ಅದರ ಮೇಲೆ ಬೇಲಿ ಹಾಕೋ ಹಾಗಿಲ್ಲ. ಖಾತೆ ಬದಲಾಗೋ ಮುಂಚೆ ತಹಶೀಲ್ದಾರರ ಹತ್ತಿರ ತಕರಾರು ಅರ್ಜಿ ಹಾಕಬಹುದು. ಗ್ರಾಮಸಭೆಯಲ್ಲಿ ಎಷ್ಟು ಬೋರು, ಎಷ್ಟು ಅಡಿ, ಮಳೆಗಾಲದ ಪೈಪು ಯಾವ ಹಳ್ಳಕ್ಕೆ ಬಿಡುತ್ತೀರಿ ಅಂತ ಕೇಳಿ ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಪಿಡಿಒ ಬರೆಯೋದಕ್ಕೆ ಹಿಂದೇಟು ಹಾಕಿದರೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಇಸಕೊಳ್ಳಿ.